ಆಚಾರ್ರ ಕೆನ್ನೆಯಲ್ಲಿ ಸಿಕ್ಕ ಕೆಂಪು ಕೋಶಗಳು

ಆ ಮಾಂಸದ ಚೂರು ಕಡಲೆಕಾಳಿಗಿಂತ ದೊಡ್ಡದಿರಲಿಲ್ಲ. ಕೆಡದಿರಲೆಂದು ಫಾರ್ಮಲಿನ್ ತುಂಬಿದ ಹಳೆಯ ಇಂಜೆಕ್ಷನ್ ಸೀಸೆಯ ತಳದಲ್ಲಿ ಬೆಲ್ಲದ ಬಣ್ಣಕ್ಕೆ ತಿರುಗಿ ಕೂತಿತ್ತು. ಸೀಸೆಗೆ ಸುತ್ತಿದ ಚೀಟಿಯಲ್ಲಿ ನಮ್ಮ ಸರ್ಜನ್ನರ ಅವಸರದ ಕೈಬರಹ: ಗಂಡಸು, ಅರವತ್ತೆರಡು ವರ್ಷ, ಚನ್ನರಾಯಪಟ್ಟಣ, ಎಡಗಿವಿಯ ಮುಂದೆ ಗಂಟು, ಎಂಟು ವರ್ಷದಿಂದ ಇದೆ.

ಅದು ಅರವತ್ತರ ದಶಕದ ಶುರು. ಹಾಸನದ ಒಂದು ಆಸ್ಪತ್ರೆಯಲ್ಲಿ ಪ್ಯಾಥಾಲಜಿ ನನ್ನ ಪಾಲಿಗಿತ್ತು. ವಿಭಾಗ ಎಂದು ಬೋರ್ಡು ಹಾಕಿದ್ದರೂ ಇದ್ದದ್ದು ಒಂದೇ ಕೋಣೆ. ಪೂರ್ವದ ಕಿಟಕಿಯ ಬೆಳಕಿಗೆ ಕನ್ನಡಿ ತಿರುಗಿಸಿಟ್ಟ ಒಂಟಿಕಣ್ಣಿನ ಮೈಕ್ರೋಸ್ಕೋಪು, ಮೇಣ ಕರಗಿಸುವ ಪೆಟ್ಟಿಗೆ, ಮೇಣದಲ್ಲಿ ಹುಗಿದ ಮಾಂಸವನ್ನು ಈರುಳ್ಳಿ ಪೊರೆಗಿಂತ ತೆಳ್ಳಗೆ ಕೊಯ್ಯುವ ಮೈಕ್ರೋಟೋಮು, ಮತ್ತು ನನಗಿಂತ ಹದಿನೈದು ವರ್ಷ ದೊಡ್ಡವರಾದ ಅಟೆಂಡರ್ ಒಬ್ಬರು. ಮೈಕ್ರೋಟೋಮಿನ ಕತ್ತಿಯನ್ನು ಸಾಣೆಗೆ ಹಾಕುವುದರಲ್ಲಿ ಅವರನ್ನು ಮೀರಿಸುವವರನ್ನು ನಾನು ಓದಿದ ಮೈಸೂರಿನಲ್ಲೂ ನೋಡಿರಲಿಲ್ಲ.

ಆ ಗಂಟು ಅಕ್ಕಸಾಲಿ ಆಚಾರ್ರೊಬ್ಬರದು. ಚನ್ನರಾಯಪಟ್ಟಣದ ಪೇಟೆಯಲ್ಲಿ ಅವರ ಕೆಲಸದ ಮನೆ. ನಲವತ್ತೈದು ವರ್ಷ ಎಣ್ಣೆದೀಪದ ಉರಿಯನ್ನು ಊದುಗೊಳವೆಯಿಂದ ಊದಿ ಬೆಸುಗೆ ಹಾಕಿದವರು. ಕೆನ್ನೆಯಲ್ಲಿ ಗಂಟು ಎದ್ದಾಗ ಮನೆಯವರು, ನೆಂಟರು ಎಲ್ಲ ಅಂದದ್ದು ಒಂದೇ ಮಾತು: ಊದಿ ಊದಿ ಗಾಳಿ ಸೇರಿಕೊಂಡಿದೆ. ಇದು ಬರೀ ಹುಸಿಮಾತಲ್ಲ. ಹಾಗೆ ಊದುವ ಕೆಲಸದವರಿಗೆ ಬಾಯೊಳಗಿನ ಗಾಳಿ ಜೊಲ್ಲಿನ ನಾಳದಲ್ಲಿ ಹಿಂದಕ್ಕೆ ಹೊಕ್ಕು ಕೆನ್ನೆಯ ಗ್ರಂಥಿ ಉಬ್ಬುವುದುಂಟು. ಆದರೆ ಅಂಥ ಉಬ್ಬನ್ನು ಒತ್ತಿದರೆ ಬೆರಳಿನ ಕೆಳಗೆ ಚರಚರ ಅನ್ನುತ್ತದೆ. ಸರ್ಜನ್ ಒತ್ತಿ ನೋಡಿದಾಗ ಏನೂ ಅನ್ನಲಿಲ್ಲ. ಗಟ್ಟಿಯಾಗಿ, ನುಣ್ಣಗೆ, ನಿಂಬೆಹಣ್ಣಿನ ಗಾತ್ರಕ್ಕೆ ಕೂತಿತ್ತು. ಆದ್ದರಿಂದ ಅವರು ಒಂದು ಚೂರು ಕತ್ತರಿಸಿ ನನಗೆ ಕಳಿಸಿದ್ದರು.

ಚೂರನ್ನು ಸ್ಪಿರಿಟ್ಟಿನಲ್ಲಿಟ್ಟು ನೀರಿನಂಶ ತೆಗೆದು, ಝೈಲಾಲ್‌ನಲ್ಲಿ ತಿಳಿಯಾಗಿಸಿ, ಮೇಣಕ್ಕೆ ಇಳಿಸಿದೆವು. ಬೇಸಿಗೆ. ಮೇಣ ಮೆತ್ತಗಾಗಿ ಕೊಯ್ದ ಪದರಗಳು ಕತ್ತಿಗೇ ಅಂಟಿಕೊಳ್ಳುತ್ತಿದ್ದವು. ಐಸು ತರಿಸಿ ಉಜ್ಜಿ ಉಜ್ಜಿ ಹೇಗೋ ಮೂರು ಗಾಜಿನ ಮೇಲೆ ಪದರ ಕೂರಿಸಿದೆವು. ನೋಡಿದರೆ, ಸರ್ಜನ್ನರ ಇಕ್ಕಳ ಒತ್ತಿ ಅರ್ಧ ಚೂರು ಜಜ್ಜಿಹೋಗಿತ್ತು. ಉಳಿದರ್ಧದಲ್ಲಿ ನಾನು ಎಂದೂ ನೋಡಿರದ ದೊಡ್ಡ ದೊಡ್ಡ ಕೋಶಗಳು. ಎಲ್ಲಕ್ಕೂ ಹೊಟ್ಟೆತುಂಬ ಗಾಢವಾದ ಕೆಂಪು ಬಣ್ಣ ಹಿಡಿದಿತ್ತು. ಜೊಲ್ಲುಗ್ರಂಥಿಯಲ್ಲಿ ಇರಬೇಕಾದ ಕೋಶಗಳಂತೆ ಒಂದೂ ಇರಲಿಲ್ಲ. ಇರಬೇಕಾದ ಹಾಗೆ ಇಲ್ಲದ್ದು, ಎಂಟು ವರ್ಷ ಬೆಳೆದದ್ದು, ಅರವತ್ತು ದಾಟಿದ ಮನುಷ್ಯ. ನಾನು ರಿಪೋರ್ಟಿನಲ್ಲಿ "ಗ್ರಂಥಿಯ ಕ್ಯಾನ್ಸರ್, ಬಹುಮಟ್ಟಿಗೆ" ಎಂದು ಬರೆದು ಸಹಿ ಹಾಕಿದೆ.

ಆ "ಬಹುಮಟ್ಟಿಗೆ" ಅನ್ನುವ ಮಾತನ್ನು ಯಾರೂ ಓದಲಿಲ್ಲ. ಸರ್ಜನ್ ಇನ್ನು ಹನ್ನೆರಡು ದಿನಕ್ಕೆ ಆಪರೇಷನ್ ಗೊತ್ತುಮಾಡಿದರು. ಕೆನ್ನೆಯ ಈ ಗ್ರಂಥಿಯ ನಡುವೆಯೇ ಮುಖವನ್ನು ಆಡಿಸುವ ನರ ಕವಲೊಡೆದು ಹಾಯುತ್ತದೆ. ಕ್ಯಾನ್ಸರ್ ಆದರೆ ಗ್ರಂಥಿಯ ಜೊತೆಗೆ ನರವನ್ನೂ ತೆಗೆಯುವುದು ಆಗಿನ ಕ್ರಮ. ತೆಗೆದರೆ ಎಡಗಣ್ಣು ಮುಚ್ಚುವುದಿಲ್ಲ, ಬಾಯಿ ಬಲಕ್ಕೆ ಎಳೆದುಕೊಳ್ಳುತ್ತದೆ, ಎಡಗಡೆ ತುಟಿ ಜೋತುಬೀಳುತ್ತದೆ. ಇದನ್ನೆಲ್ಲ ಸರ್ಜನ್ ರೋಗಿಗೆ ಮುಚ್ಚುಮರೆಯಿಲ್ಲದೆ ಹೇಳಿದ್ದರು.

ಮಾರನೆಯ ದಿನ ಬೆಳಿಗ್ಗೆ ಆಚಾರ್ರು ನನ್ನ ಕೋಣೆಯ ಬಾಗಿಲಲ್ಲಿ ನಿಂತಿದ್ದರು. ತೆಳ್ಳಗಿನ ಮೈ, ಕರಿಕೋಟು, ಕಿವಿಯ ಮುಂದೆ ಬ್ಯಾಂಡೇಜು. ಚೂರು ನೋಡಿ ಬರೆದುಕೊಟ್ಟವರು ನೀವೇನಾ ಎಂದು ಕೇಳಿದರು. ಹೌದೆಂದೆ. ಒಳಗೆ ಬಂದು ಸ್ಟೂಲಿನ ಮೇಲೆ ಕೂತರು. ಅಳುತ್ತಾರೇನೋ, ಬೈಯುತ್ತಾರೇನೋ ಎಂದು ನಾನು ಕಾದೆ. ಅವರು ಅದಾವುದನ್ನೂ ಮಾಡದೆ ಮೈಕ್ರೋಟೋಮನ್ನೇ ನೋಡುತ್ತಾ ಕತ್ತಿ ಯಾವ ಉಕ್ಕಿನದು ಎಂದು ಅಟೆಂಡರನ್ನು ವಿಚಾರಿಸಿದರು. ಆಮೇಲೆ ಕೋಟಿನ ಒಳಜೇಬಿನಿಂದ ಹಿತ್ತಾಳೆಯ ಗೇಣುದ್ದದ ಕೊಳವೆ ತೆಗೆದು ತುಟಿಗಿಟ್ಟು ಊದಿ ತೋರಿಸಿದರು. ಮೂಗಿನಲ್ಲಿ ಉಸಿರು ಎಳೆದುಕೊಳ್ಳುತ್ತಿದ್ದರೂ ಬಾಯಿಂದ ಗಾಳಿ ನಿಲ್ಲಲೇ ಇಲ್ಲ. ಎರಡೂ ಕೆನ್ನೆಗಳು ತುಂಬಿಕೊಂಡಿದ್ದವು. ನಾನು ಮನಸ್ಸಿನಲ್ಲೇ ಎಣಿಸಿದೆ. ನಲವತ್ತು ದಾಟಿದ ಮೇಲೆ ಎಣಿಸುವುದು ಬಿಟ್ಟೆ.

"ತುಟಿ ಜೋತ್ಬಿದ್ರೆ ಇದು ಆಗಾಕಿಲ್ಲ," ಎಂದರು ಕೊಳವೆ ಒರೆಸುತ್ತಾ. "ಆಗದಿದ್ರೆ ಓಗ್ಲಿ, ಜೀವ ದೊಡ್ದು. ಆದ್ರೆ ಒಂದ್ಮಾತು ಕೇಳ್ತೀನಿ, ಬೇಜಾರು ಮಾಡ್ಕಬ್ಯಾಡಿ ಡಾಕ್ಟ್ರಮ್ಮ. ನಾವು ಒಂದ್ಸಲ ಒರೆಗಲ್ಲಿಗೆ ಉಜ್ಜಿ ಸುಮ್ಕಾಗಾಕಿಲ್ಲ. ಅನುಮಾನ ಬಂದ್ರೆ ಇನ್ನೊಂದು ಕಡೆ ಗೀರಿ ನೋಡ್ತೀವಿ. ನೀವು ಎಷ್ಟು ಕಡೆ ನೋಡಿದ್ರಿ?"

"ಒಂದೇ ಚೂರು," ಎಂದೆ. "ಮೂರು ಗಾಜು."

ಅವರು ತಲೆಯಾಡಿಸಿದರು. ಆ ತಲೆಯಾಟದಲ್ಲಿ ತಕರಾರು ಇರಲಿಲ್ಲ. ಕೈಕೆಲಸದವರು ಇನ್ನೊಬ್ಬರ ಕೆಲಸವನ್ನು ತಿಳಿದುಕೊಳ್ಳುವ ರೀತಿ ಅದು. ನನಗೆ ಅದೇ ಹೆಚ್ಚು ಚುಚ್ಚಿತು.

ಅವರು ಹೋದ ಮೇಲೆ ಮೇಣದ ತುಂಡನ್ನು ಮತ್ತೆ ಹೊರತೆಗೆದೆವು. ಅಟೆಂಡರ್ ಕತ್ತಿಗೆ ಹೊಸ ಸಾಣೆ ಕೊಟ್ಟರು. ಈ ಸಲ ಚೂರಿನ ಆಳದವರೆಗೆ ಕೊಯ್ದು ಅಲ್ಲಲ್ಲಿಂದ ಅರವತ್ತಕ್ಕೂ ಹೆಚ್ಚು ಪದರ ತೆಗೆದೆವು. ಜಜ್ಜಿದ ಭಾಗ ದಾಟಿ ಆಳಕ್ಕೆ ಇಳಿದ ಹಾಗೆ ಚಿತ್ರ ಬೇರೆಯೇ ಆಯಿತು. ಕೋಶಗಳು ದೊಡ್ಡವು, ನಿಜ. ಆದರೆ ಎಲ್ಲವೂ ಒಂದೇ ಅಳತೆಯವು. ನಡುವಿನ ಬೀಜ ಚಿಕ್ಕದು, ಉರುಟು. ಒಂದು ಕೋಶ ಎರಡಾಗಿ ಒಡೆಯುತ್ತಿರುವ ಗುರುತು ಅರವತ್ತು ಪದರದಲ್ಲಿ ಒಂದೂ ಸಿಗಲಿಲ್ಲ. ಕ್ಯಾನ್ಸರಿನಲ್ಲಿ ಕಾಣುವ ಆ ಗಡಿಬಿಡಿ, ಆ ನೂಕುನುಗ್ಗಲು ಇಲ್ಲಿರಲಿಲ್ಲ. ಇನ್ನೂ ಹೆಚ್ಚಿಸಿ ನೋಡಿದಾಗ ಕೆಂಪು ಎಲ್ಲಿಂದ ಬಂತೆಂದು ತಿಳಿಯಿತು. ಪ್ರತಿ ಕೋಶದ ಒಳಗೂ ಸಣ್ಣ ರವೆಯಂತೆ ಕಾಳುಗಳು ಒತ್ತೊತ್ತಾಗಿ ತುಂಬಿದ್ದವು.

ಓದಿನ ದಿನಗಳಲ್ಲಿ ಎಲ್ಲೋ ನಾಲ್ಕು ಸಾಲು ಕಣ್ಣಿಗೆ ಬಿದ್ದ ನೆನಪು. ಕೋಣೆಯಲ್ಲಿದ್ದ ದಪ್ಪ ಪುಸ್ತಕದ ಜೊಲ್ಲುಗ್ರಂಥಿಯ ಅಧ್ಯಾಯವನ್ನು ಮೊದಲಿನಿಂದ ಕೊನೆಯವರೆಗೆ ಓದಿದೆ. ಕೊನೆಯ ಪುಟದಲ್ಲಿ ಸಣ್ಣಕ್ಷರದಲ್ಲಿ ಸಿಕ್ಕಿತು: ಆಂಕೊಸೈಟ್. ಗ್ರೀಕ್ ಮಾತಿನಲ್ಲಿ ಉಬ್ಬಿದ ಕೋಶ ಎಂದರ್ಥ. ವಯಸ್ಸಾದವರ ಗ್ರಂಥಿಗಳಲ್ಲಿ ಇಂಥ ಕೋಶಗಳು ಅಲ್ಲೊಂದು ಇಲ್ಲೊಂದು ಕಾಣುತ್ತವೆ, ಎಲ್ಲೋ ಅಪರೂಪಕ್ಕೆ ಅವೇ ಸೇರಿ ಗಡ್ಡೆಯಾಗುತ್ತವೆ, ಆ ಗಡ್ಡೆ ಸಾಮಾನ್ಯವಾಗಿ ಕೇಡಿಲ್ಲದ್ದು. ಅಷ್ಟೇ. ಚಿತ್ರವೂ ಇರಲಿಲ್ಲ. ನಾಲ್ಕು ಸಾಲಿನ ಭರವಸೆಯ ಮೇಲೆ ಒಬ್ಬ ಮನುಷ್ಯನ ಮುಖವನ್ನೋ ಪ್ರಾಣವನ್ನೋ ಇಡುವ ಧೈರ್ಯ ನನಗಿರಲಿಲ್ಲ.

ಮೈಸೂರಿನಲ್ಲಿ ನನಗೆ ಪಾಠ ಹೇಳಿದ ಪ್ರಾಧ್ಯಾಪಕರಿದ್ದರು. ಆರು ಗಾಜುಗಳನ್ನು ಹತ್ತಿಯಲ್ಲಿ ಸುತ್ತಿ ಪೆಟ್ಟಿಗೆಯಲ್ಲಿಟ್ಟು ಮೈಸೂರಿನ ರೈಲು ಹತ್ತಿದೆ. ಹೊಳೆನರಸೀಪುರದಲ್ಲಿ ಹತ್ತಿದ ಹೆಂಗಸೊಬ್ಬರು ಮಡಿಲಿನ ಪೆಟ್ಟಿಗೆಯಲ್ಲಿ ಏನಿದೆ ಎಂದು ಕೇಳಿದರು. ಗಾಜು ಎಂದೆ. ಬಳೆಯೇನೋ ಅಂದುಕೊಂಡು ಊರು ಬರುವವರೆಗೆ ಅವರೂ ನನ್ನ ಜೊತೆ ಪೆಟ್ಟಿಗೆಯನ್ನು ಕಾದರು.

ಪ್ರಾಧ್ಯಾಪಕರು ಅರ್ಧ ಗಂಟೆ ನೋಡಿದರು. ಆಮೇಲೆ ಗ್ರಂಥಾಲಯದಿಂದ ಒಂದು ಜರ್ಮನ್ ಪತ್ರಿಕೆಯ ಹಳೆಯ ಸಂಪುಟ ತರಿಸಿದರು. ಅದರಲ್ಲಿ ಚಿತ್ರಗಳಿದ್ದವು. ನನ್ನ ಕೋಶಗಳನ್ನೇ ಯಾರೋ ಕೈಯಲ್ಲಿ ಬಿಡಿಸಿಟ್ಟ ಹಾಗಿತ್ತು. ಅವರು ತಮ್ಮ ಮುರುಕು ಜರ್ಮನ್ನಿನಲ್ಲಿ ಒಂದೊಂದೇ ಸಾಲು ಓದಿ ಹೇಳಿದರು. ನಾನು ಬರೆದುಕೊಂಡೆ. ಈ ಕೋಶ ಎಲ್ಲೆಲ್ಲಿ ಇರುತ್ತದೆ ಅನ್ನುವ ಪಟ್ಟಿ ಓದುತ್ತಾ ಹೋದ ಹಾಗೆ ನನಗೆ ಬಂದ ಕೆಲಸವೇ ಮರೆತುಹೋಯಿತು. ಜೊಲ್ಲುಗ್ರಂಥಿಗಳು ಸರಿ. ಅಂಗುಳ, ಗಂಟಲು, ಧ್ವನಿಪೆಟ್ಟಿಗೆ. ಕುತ್ತಿಗೆಯ ಥೈರಾಯ್ಡ್, ಅದರ ಹಿಂದೆ ಅಕ್ಕಿಕಾಳಿನಷ್ಟಿರುವ ಗ್ರಂಥಿಗಳು. ಮಿದುಳಿನ ತಳದ ಪಿಟ್ಯೂಟರಿ. ಮೂತ್ರಪಿಂಡ. ಕಣ್ಣಿನ ಒಳಮೂಲೆಯಲ್ಲಿರುವ ಕೆಂಪು ಗುಬುಟು. ಒಂದಕ್ಕೊಂದು ಸಂಬಂಧವಿಲ್ಲದ ಇಷ್ಟೆಲ್ಲ ಜಾಗಗಳಲ್ಲಿ, ಮುದುಕಾದ ಯಾವುದೋ ಒಂದು ಕೋಶ ಇದ್ದಕ್ಕಿದ್ದಂತೆ ಉಬ್ಬಿ ಕಾಳು ತುಂಬಿಕೊಳ್ಳುವುದೇಕೆ? ಪ್ರಾಧ್ಯಾಪಕರಿಗೂ ಗೊತ್ತಿರಲಿಲ್ಲ.

ಆದರೆ ಎಚ್ಚರಿಕೆ ಅವರ ಸ್ವಭಾವ. ನೋಡಿದರೆ ಆಂಕೊಸೈಟೇ ಅನಿಸುತ್ತದೆ, ಚೂರು ಮಾತ್ರ ನೋಡಿ ನಾನು ಬರೆದುಕೊಡುವುದಿಲ್ಲ ಎಂದರು. ಥೈರಾಯ್ಡಿನ ಅಥವಾ ಮೂತ್ರಪಿಂಡದ ಕ್ಯಾನ್ಸರು ಕೆನ್ನೆಗೆ ಹರಿದು ಬಂದಿದ್ದರೂ ಹೀಗೇ ಕಾಣಬಹುದು, ಕುತ್ತಿಗೆ ಮುಟ್ಟಿ ನೋಡು, ಮೂತ್ರದಲ್ಲಿ ರಕ್ತ ಇದೆಯೇ ನೋಡು ಎಂದರು. ಕಾಳುಗಳನ್ನು ಹಿಡಿದು ತೋರಿಸುವ ಒಂದು ಬಣ್ಣವಿದೆ, ಟಂಗ್‌ಸ್ಟನ್ ಬೆರೆಸಿದ ಹೆಮಟಾಕ್ಸಿಲಿನ್. ಅದು ಬೆಳಕಿಗಿಟ್ಟು ವಾರಗಟ್ಟಲೆ ಹಣ್ಣಾಗಬೇಕು. ನನಗೆ ಅಷ್ಟು ದಿನ ಇರಲಿಲ್ಲ. ತಮ್ಮ ಕಪಾಟಿನಲ್ಲಿ ಹಣ್ಣಾಗಿದ್ದ ಬಣ್ಣವನ್ನು ಅವರು ಒಂದು ಟಾನಿಕ್ ಸೀಸೆಯಷ್ಟು ಬಗ್ಗಿಸಿ ಕೊಟ್ಟರು.

ಹಾಸನಕ್ಕೆ ಬಂದು ಬಣ್ಣ ಹಾಕಿದ ಮೊದಲ ಗಾಜಿನಲ್ಲಿ ಪದರವೇ ಎದ್ದು ನೀರಿನಲ್ಲಿ ತೇಲಿಹೋಯಿತು. ಎರಡನೆಯದರಲ್ಲಿ ನಾನು ಸ್ಪಿರಿಟ್ಟಿನಲ್ಲಿ ಒಂದು ನಿಮಿಷ ಹೆಚ್ಚು ಬಿಟ್ಟದ್ದಕ್ಕೆ ಬಣ್ಣವೆಲ್ಲ ತೊಳೆದುಹೋಯಿತು. ಸೀಸೆಯಲ್ಲಿ ಉಳಿದದ್ದು ಇನ್ನೊಂದು ಸಲಕ್ಕೆ ಸಾಕಾಗುವಷ್ಟು. ಅಟೆಂಡರ್ ಮೊಟ್ಟೆಯ ಬಿಳಿಯ ಅಂಟನ್ನು ಗಾಜಿಗೆ ಬೆರಳಲ್ಲಿ ತೀಡಿ, ಪದರವನ್ನು ಅದರ ಮೇಲೆ ಕೂರಿಸಿ, ಎರಡು ದಿನ ಬಿಸಿಪೆಟ್ಟಿಗೆಯಲ್ಲಿಟ್ಟು ಒಣಗಿಸಿದರು. ಮೂರನೆಯ ಗಾಜು ನಿಂತಿತು. ಪ್ರತಿ ಕೋಶದೊಳಗೂ ಕಡುನೀಲಿಯ ಕಾಳುಗಳು, ಒಂದರ ಪಕ್ಕ ಒಂದು, ತೆರಪೇ ಇಲ್ಲದಂತೆ.

ಅದನ್ನು ನೋಡಲು ಕಣ್ಣಿಟ್ಟ ಅಟೆಂಡರ್ ತುಸು ಹೊತ್ತು ಹಾಗೇ ಬಗ್ಗಿದ್ದು, ಇಂಥದ್ದನ್ನು ಮುಂಚೆ ನೋಡಿದ್ದೇನೆ ಎಂದರು. ಆರು ವರ್ಷದ ಹಿಂದೆ ಕಣ್ಣಿನ ಡಾಕ್ಟರು ಒಬ್ಬ ಅಜ್ಜಿಯ ಕಣ್ಣಿನ ಮೂಲೆಯಿಂದ ಮೆಣಸಿನಕಾಳಿನಷ್ಟು ಗಂಟು ತೆಗೆದಿದ್ದರು, ಆಗ ಇದ್ದ ಡಾಕ್ಟರು ಅದಕ್ಕೆ ಹೆಸರು ಹೇಳಲಾರದೆ "ಕೇಡಿಲ್ಲದ ಬೆಳವಣಿಗೆ" ಎಂದು ಬರೆದಿದ್ದರು, ಕೆಂಪು ಮಾತ್ರ ಹೀಗೇ ಇತ್ತು. ನನಗೆ ನಂಬಿಕೆ ಬರಲಿಲ್ಲ. ಅವರು ಬೀರುವಿನ ಕೆಳಗಿನ ಖಾನೆಯಿಂದ ಬಿಸ್ಕತ್ತಿನ ಡಬ್ಬ ಎಳೆದು, ಅದರಲ್ಲಿದ್ದ ನೂರಾರು ಮೇಣದ ತುಂಡುಗಳಲ್ಲಿ ಹುಡುಕಿ, ಮಧ್ಯಾಹ್ನದ ಹೊತ್ತಿಗೆ ಅದನ್ನು ನನ್ನ ಮುಂದಿಟ್ಟರು. ಕೊಯ್ದು ನೋಡಿದೆ. ಅವೇ ಕೋಶಗಳು. ಜರ್ಮನ್ ಪಟ್ಟಿಯಲ್ಲಿದ್ದ ಕಣ್ಣಿನ ಮೂಲೆ ನಮ್ಮ ಬಿಸ್ಕತ್ತಿನ ಡಬ್ಬದಲ್ಲೇ ಇತ್ತು.

ಹಳೆಯ ರಿಜಿಸ್ಟರಿನಲ್ಲಿ ಆ ಅಜ್ಜಿಯ ಊರು ಅರಕಲಗೂಡಿನ ಹತ್ತಿರದ ಹಳ್ಳಿ ಎಂದಿತ್ತು. ಬದುಕಿದ್ದಾರೋ ಇಲ್ಲವೋ, ಗಂಟು ಮತ್ತೆ ಬೆಳೆದಿದೆಯೋ ಏನೋ. ತಿಳಿಯಬೇಕಾದರೆ ಹೋಗಲೇಬೇಕು. ಆಪರೇಷನ್ನಿಗೆ ಮೂರು ದಿನ ಉಳಿದಿತ್ತು. ಬೆಳಗಿನ ಬಸ್ಸಿನಲ್ಲಿ ಅರಕಲಗೂಡಿಗೆ ಹೋಗಿ, ಅಲ್ಲಿಂದ ಎರಡು ಮೈಲಿ ನಡೆದೆ. ಮನೆಯ ಮುಂದೆ ನಡುವಯಸ್ಸಿನ ಹೆಂಗಸೊಬ್ಬರು ಹೊಗೆಸೊಪ್ಪಿನ ಎಲೆಗಳನ್ನು ದಾರಕ್ಕೆ ಕಟ್ಟುತ್ತಿದ್ದರು. ಅತ್ತೆ ತ್ವಾಟದ ತಾವ ಓಗವ್ರೆ ಎಂದು ಹೇಳಿ ಕೂಗಿ ಕರೆದರು. ತಲೆಯ ಮೇಲೆ ಹುಲ್ಲಿನ ಹೊರೆ ಹೊತ್ತು ಅಜ್ಜಿ ನಡೆದು ಬಂದರು. ನಾನು ಆಸ್ಪತ್ರೆಯವಳೆಂದು ತಿಳಿದ ಕೂಡಲೇ ಹೊರೆಯನ್ನೂ ಇಳಿಸದೆ ದೂರವೇ ನಿಂತುಬಿಟ್ಟರು.

"ಇನ್ನೊಂದ್ಕಿತ ಕುಯ್ಯಕ್ಕೆ ಬಂದಿದ್ದೀಯೇನವ್ವ?"

"ಇಲ್ಲಜ್ಜಿ. ನೋಡ್ಕೊಂಡು ಹೋಗೋಣ ಅಂತ ಬಂದೆ."

"ನೋಡಕ್ಕೇನೈತೆ. ಕುಯ್ದು ಆರೇಳು ವರ್ಸಾತು. ಸೂಜಿಗೆ ದಾರ ಈಗ್ಲೂ ನಾನೇ ಪೋಣಿಸ್ತೀನಿ ಕಣವ್ವ, ಇವ್ಳ ಕೈಲಿ ಆಗಾಕಿಲ್ಲ."

ಸೊಸೆ ನಕ್ಕರು. ಅಜ್ಜಿ ಜಗಲಿಯ ಮೇಲೆ ಕೂತು ಬಿಸಿಲಿಗೆ ಮುಖ ಕೊಟ್ಟರು. ಕಣ್ಣಿನ ಮೂಲೆಯಲ್ಲಿ ಕೂದಲೆಳೆಯಂಥ ಬಿಳಿಗೆರೆ ಬಿಟ್ಟರೆ ಏನೂ ಇರಲಿಲ್ಲ. ಕಿವಿಯ ಮುಂದೆ, ಕುತ್ತಿಗೆಯಲ್ಲಿ, ದವಡೆಯ ಕೆಳಗೆ ಬೆರಳಾಡಿಸಿದೆ. ಎಲ್ಲೂ ಒಂದು ಕಾಳಿಲ್ಲ. ಯಾತಕ್ಕೆ ಇಷ್ಟು ದೂರ ಬಂದೆ ಎಂದು ಅವರು ಕೇಳಿದಾಗ, ಇಂಥದೇ ಗಂಟು ಬಂದಿರುವ ಇನ್ನೊಬ್ಬರಿದ್ದಾರೆ, ಅವರ ಸಲುವಾಗಿ ಎಂದೆ. ಅವರಿಗೂ ಕಣ್ಣಿಗೇ ಬಂದಿದೆಯೇ ಎಂದರು. ಕೆನ್ನೆಗೆ ಎಂದೆ. ಅಜ್ಜಿ ಸ್ವಲ್ಪ ಯೋಚನೆ ಮಾಡಿ, ಹಾಗಾದರೆ ನಂದು ಅವರಿಗೆ ಹೆಂಗೆ ಆಗ್ತದೆ ಎಂದು ಕೇಳಿದರು. ವಾಪಸ್ಸು ಬರುವಾಗ ಬಸ್ಸಿನಲ್ಲಿ ನನ್ನ ತಲೆ ತಿಂದದ್ದು ಅದೇ ಪ್ರಶ್ನೆ. ಅಜ್ಜಿಯ ಕಣ್ಣು ಚೆನ್ನಾಗಿರುವುದು ಆಚಾರ್ರ ಕೆನ್ನೆಗೆ ಸಾಕ್ಷಿಯಾಗುವುದಿಲ್ಲ. ಈ ಕೋಶ ಕಂಡ ಮಾತ್ರಕ್ಕೆ ಕ್ಯಾನ್ಸರ್ ಅನ್ನಬೇಕಾಗಿಲ್ಲ, ಅಷ್ಟು ಮಾತ್ರ ಖಾತ್ರಿ. ನಾನು ಬರೆದದ್ದು ಕೋಶ ಕಂಡ ಮಾತ್ರಕ್ಕೆ ಬರೆದದ್ದು.

ಅಷ್ಟರಲ್ಲಿ ಆಚಾರ್ರ ಕುತ್ತಿಗೆಯನ್ನೂ ಮೂತ್ರವನ್ನೂ ನೋಡಿಯಾಗಿತ್ತು. ಎರಡರಲ್ಲೂ ದೋಷವಿರಲಿಲ್ಲ. ಮಾರನೆಯ ಬೆಳಿಗ್ಗೆ ಸರ್ಜನ್ನರ ಕೋಣೆಗೆ ಹೋಗಿ, ನನ್ನ ರಿಪೋರ್ಟನ್ನು ವಾಪಸ್ಸು ತೆಗೆದುಕೊಳ್ಳುತ್ತಿದ್ದೇನೆ ಎಂದು ಬರೆದ ಕಾಗದ ಅವರ ಮೇಜಿನ ಮೇಲಿಟ್ಟೆ. ನನಗಾಗ ಮೂವತ್ತು ತುಂಬಿರಲಿಲ್ಲ. ಅವರು ಹೆಚ್ಚು ಕಮ್ಮಿ ನನ್ನ ತಂದೆಯ ವಯಸ್ಸಿನವರು. ಅವರು ಕಾಗದ ಓದಿ, ಮಡಿಸಿ, ಸಿಟ್ಟಿಲ್ಲದ ದನಿಯಲ್ಲಿ ಹೇಳಿದರು.

"ನೀವು ತಪ್ಪು ಮಾಡಿದ್ರೆ ಮನುಷ್ಯ ಹೋಗ್ತಾನೆ. ನಾನು ತಪ್ಪು ಮಾಡಿದ್ರೆ ಬಾಯಿ ಸೊಟ್ಟ ಆಗುತ್ತೆ. ಎರಡೂ ಒಂದೇನಾ ಡಾಕ್ಟರೇ?"

ಒಂದೇ ಅಲ್ಲ ಎಂದೆ. ಆಮೇಲೆ ಬಸ್ಸಿನಲ್ಲಿ ಯೋಚಿಸಿಟ್ಟದ್ದನ್ನು ಹೇಳಿದೆ. ಗಂಟನ್ನು ಸುತ್ತಲಿನ ಒಂದಿಷ್ಟು ಗ್ರಂಥಿಯ ಸಮೇತ ಬಿಡಿಸಿ ತೆಗೆಯಿರಿ, ನರವನ್ನು ಮುಟ್ಟಬೇಡಿ. ನಾನು ಪಕ್ಕದ ಕೋಣೆಯಲ್ಲಿರುತ್ತೇನೆ. ತೆಗೆದ ಗಂಟಿನ ಅಂಚನ್ನು ಅಲ್ಲೇ ಹೆಪ್ಪುಗಟ್ಟಿಸಿ ಕೊಯ್ದು ನೋಡುತ್ತೇನೆ. ಅದರ ಸುತ್ತಲಿನ ಚೀಲ ಎಲ್ಲಾದರೂ ಒಡೆದು ಕೋಶ ಹೊರಗೆ ನುಗ್ಗಿದ್ದರೆ ಹೇಳುತ್ತೇನೆ, ಆಗ ನಿಮ್ಮ ದಾರಿ ನಿಮ್ಮದು. ಹೆಪ್ಪುಗಟ್ಟಿಸುವ ಯಂತ್ರ ನಮ್ಮಲ್ಲಿ ಇದ್ದೂ ಯಾರೂ ಬಳಸುತ್ತಿರಲಿಲ್ಲ. ಸರ್ಜನ್ ಮಡಿಸಿದ ಕಾಗದವನ್ನು ಮತ್ತೆ ಬಿಡಿಸಿದರು. ಎಷ್ಟು ನಿಮಿಷ ಬೇಕು ಎಂದರು. ಇಪ್ಪತ್ತು ಎಂದೆ. ಆಚಾರ್ರನ್ನು ಕರೆಸಿ ಎರಡು ದಾರಿಗಳನ್ನೂ, ಎರಡರ ಅಪಾಯವನ್ನೂ ಅವರೇ ಬಿಡಿಸಿ ಹೇಳಿದರು. ಆಚಾರ್ರು ನನ್ನ ಕಡೆ ತಿರುಗಿ, ಈಗ ಎಷ್ಟು ಕಡೆ ನೋಡಿದಿರಿ ಎಂದು ಕೇಳಿದರು. ನಾನು ಲೆಕ್ಕ ಹೇಳಿದೆ. ಹಾಗಾದರೆ ಅಮ್ಮಾವ್ರು ಹೇಳಿದಂತೆ ಆಗಲಿ ಎಂದರು.

ಯಂತ್ರಕ್ಕೆ ಸೋಡಾಕ್ಕೆ ತುಂಬುವ ಕಾರ್ಬನ್ ಡೈಆಕ್ಸೈಡ್ ಗಾಳಿಯ ಸಿಲಿಂಡರು ಬೇಕು. ಆಸ್ಪತ್ರೆಯದು ಖಾಲಿಯಾಗಿ ಎಷ್ಟು ಕಾಲವಾಗಿತ್ತೋ. ಅಟೆಂಡರ್ ಊರಿನ ಸೋಡಾ ಕಾರ್ಖಾನೆಯವರನ್ನು ಕೇಳಿ, ಅವರ ಒಂದು ಸಿಲಿಂಡರನ್ನು ಕೈಗಾಡಿಯಲ್ಲಿ ತಂದರು. ಪರೀಕ್ಷೆಗೆಂದು ಕುರಿಯ ಈಲಿಯ, ಅಂದರೆ ಲಿವರಿನ, ತುಂಡಿಟ್ಟು ಗಾಳಿ ಬಿಟ್ಟೆ. ಬುಸ್ಸೆಂದು ಬಂತು. ಈಲಿ ಸ್ವಲ್ಪ ತಣ್ಣಗಾಯಿತೇ ಹೊರತು ಗಟ್ಟಿಯಾಗಲಿಲ್ಲ. ಮತ್ತೆ ಮತ್ತೆ ಬಿಟ್ಟೆ. ಸಂಜೆಯಾಯಿತು. ನಾಳೆ ಬೆಳಿಗ್ಗೆ ಆಪರೇಷನ್. ಇನ್ನು ಸರ್ಜನ್ನರಿಗೆ ಹೋಗಿ ಹೇಳುವುದೊಂದೇ ದಾರಿ ಅಂದುಕೊಂಡಾಗ, ಸಿಲಿಂಡರು ಎಲ್ಲಿ ಹಾಕಿದ್ದಾರೆಂದು ನೋಡಲು ಸೋಡಾ ಕಾರ್ಖಾನೆಯವರೇ ಬಂದರು. ಒಂದು ಗಳಿಗೆ ನಿಂತು ನೋಡಿ ಕೇಳಿದರು, ನಿಮಗೆ ಗಾಳಿ ಬೇಕೋ, ಅದರ ನೀರು ಬೇಕೋ? ಗಾಳಿ ಮೇಲಿರುತ್ತದೆ, ನೀರು ತಳದಲ್ಲಿರುತ್ತದೆ. ಅವರೂ ಅಟೆಂಡರೂ ಸೇರಿ ಸಿಲಿಂಡರನ್ನು ತಲೆಕೆಳಗು ಮಾಡಿ ಹಗ್ಗದಿಂದ ಕಿಟಕಿಯ ಸರಳಿಗೆ ಕಟ್ಟಿದರು. ಈ ಸಲ ತಿರುಪು ಬಿಟ್ಟ ಕೂಡಲೇ ಈಲಿಯ ಮೇಲೆ ಬೆಳ್ಳನೆಯ ಹಿಮ ಕೂತು ಕಲ್ಲಿನಂತಾಯಿತು. ಓದಿದವಳು ನಾನು. ಗೊತ್ತಿದ್ದದ್ದು ಅವರಿಗೆ.

ಮಾರನೆಯ ದಿನ ಹತ್ತು ಗಂಟೆಗೆ ಗಂಟು ಬಂತು. ಬಟ್ಟಲಿನಲ್ಲಿ ಹೊಳೆಯುವ ಕಂದು ಉಂಡೆ. ಸುತ್ತ ತೆಳ್ಳನೆಯ ಪೊರೆ. ಮೂರು ಕಡೆ ಗುರುತು ಮಾಡಿ ತುಂಡು ತೆಗೆದು ಹೆಪ್ಪಿಗಿಟ್ಟೆ. ಮೊದಲ ಪದರಗಳು ಪುಡಿಪುಡಿಯಾಗಿ ಹಾರಿದವು. ಹೆಪ್ಪು ಹೆಚ್ಚಾಗಿತ್ತು. ಹೆಬ್ಬೆರಳನ್ನು ತುಂಡಿನ ಮೇಲಿಟ್ಟು ಮನಸ್ಸಿನಲ್ಲೇ ಹತ್ತು ಎಣಿಸಿ, ಮತ್ತೆ ಕೊಯ್ದೆ. ಈಗ ಪದರ ಸುರುಳಿಯಿಲ್ಲದೆ ಬಂತು. ನೀಲಿ ಬಣ್ಣದಲ್ಲಿ ಅದ್ದಿ, ತೊಳೆದು, ಗಾಜಿಗೆ ಎತ್ತಿದೆ. ಒಂದು ಅಂಚಿನಲ್ಲಿ ಪೊರೆ ಪೂರ್ತಿ ಇತ್ತು. ಎರಡನೆಯದರಲ್ಲೂ ಇತ್ತು. ಮೂರನೆಯದರಲ್ಲೂ ಪೊರೆ ಒಡೆದಿಲ್ಲವೆಂದು ಖಚಿತವಾಗುತ್ತಿರುವಾಗ ನರ್ಸ್ ಇನ್ನೊಂದು ಬಟ್ಟಲು ತಂದರು. ಅದರಲ್ಲಿ ಜೋಳದ ಕಾಳಿಗಿಂತ ಚಿಕ್ಕದೊಂದು ಬಿಳಿ ಚೂರು. ಗಂಟು ತುಟಿಯ ಕಡೆ ಹೋಗುವ ನರಕ್ಕೆ ಒಂದು ಕಡೆ ಅಂಟಿಕೊಂಡಿತ್ತಂತೆ. ಅಂಟಿದ ಜಾಗದಿಂದ ತೆಗೆದದ್ದು. ನರವನ್ನು ಕತ್ತರಿಸಲೋ ಬಿಡಲೋ ಎಂದು ಸರ್ಜನ್ ಕೈ ನಿಲ್ಲಿಸಿ ಕಾಯುತ್ತಿದ್ದಾರೆ ಎಂದರು.

ಅದೊಂದೇ ಚೂರು. ಪುಡಿಯಾದರೆ ಇನ್ನೊಂದಿಲ್ಲ. ಅಟೆಂಡರ್ ಕತ್ತಿ ಬದಲಿಸಿದರು. ಐದು ಪದರ ಬಂದವು. ಬಿಳಿಯ ನಾರು, ಸಣ್ಣದೊಂದು ರಕ್ತನಾಳ, ಮತ್ತೆ ನಾರು. ಪದರದ ಈ ಮೂಲೆಯಿಂದ ಆ ಮೂಲೆಯವರೆಗೆ ಗಾಜನ್ನು ಸರಿಸುತ್ತಾ ಹೋದೆ. ಉಬ್ಬಿದ ಕೋಶ ಒಂದೂ ಇರಲಿಲ್ಲ. ಮೊದಲು ಬಯಾಪ್ಸಿಗೆಂದು ಕತ್ತರಿಸಿದ್ದರಿಂದ ಆದ ಗಾಯದ ಕಲೆ ಅದು. ಐದನ್ನೂ ಎರಡೆರಡು ಸಲ ನೋಡಿದೆ. ಎದ್ದು ಹೋಗಿ ಥಿಯೇಟರಿನ ಬಾಗಿಲಲ್ಲಿ ನಿಂತು, "ನರ ಬಿಡಿ ಸರ್," ಎಂದೆ. ಸರ್ಜನ್ ಮುಖವೆತ್ತಿ ನನ್ನನ್ನು ನೋಡಿದರು. ಮಾಸ್ಕಿನ ಮೇಲೆ ಕಣ್ಣು ಮಾತ್ರ ಕಾಣುತ್ತಿತ್ತು. ಮತ್ತೆ ಬಗ್ಗಿ ಹೊಲಿಗೆಗೆ ದಾರ ಕೇಳಿದರು.

ಬ್ಯಾಂಡೇಜು ಬಿಚ್ಚಿದ ದಿನ ಆಚಾರ್ರ ತುಟಿ ಎಡಗಡೆ ಜೋತಿತ್ತು. ನರ ತುಂಡಾಯಿತೇ ಎಂದು ಸರ್ಜನ್ನರನ್ನು ಕೇಳಿದೆ. ಎಳೆದಾಡಿದ ನರ ಸುಸ್ತಾಗಿರುತ್ತದೆ, ಕಣ್ಣು ಮುಚ್ಚುತ್ತಿದೆಯಲ್ಲ, ಕಾಯೋಣ ಎಂದರು ಸರ್ಜನ್. ಅವರು ನನಗೆ ಸಮಾಧಾನ ಹೇಳಿದ್ದು ಅದೊಂದೇ ಸಲ. ಆಚಾರ್ರು ಹದಿನೈದು ದಿನಕ್ಕೊಮ್ಮೆ ಬಸ್ಸಿನಲ್ಲಿ ಬಂದು ತೋರಿಸಿ ಹೋಗುತ್ತಿದ್ದರು. ಕುಡಿದ ಕಾಫಿ ತುಟಿಯ ಮೂಲೆಯಿಂದ ಇಳಿಯುತ್ತಿತ್ತು, ಪಂಚೆಯ ತುದಿಯಿಂದ ಒರೆಸಿಕೊಳ್ಳುತ್ತಿದ್ದರು. ಮೂರನೆಯ ತಿಂಗಳು ತುಟಿ ಎದ್ದಿತು. ಐದನೆಯ ತಿಂಗಳು ಕೊಳವೆ ತಂದು ನನ್ನ ಮುಂದೆ ಊದಿದರು. ಮೊದಲಿನಷ್ಟು ಹೊತ್ತು ಆಗುವುದಿಲ್ಲ, ಕೆಲಸಕ್ಕೆ ಸಾಕು ಎಂದರು. ಇಡೀ ಗಂಟಿನ ಗಾಜುಗಳನ್ನು ನೋಡಿದ ಪ್ರಾಧ್ಯಾಪಕರು ಕೊನೆಗೂ ಬರೆದುಕೊಟ್ಟರು: ಆಂಕೊಸೈಟ್ ಗಡ್ಡೆ, ಕೇಡಿಲ್ಲದ್ದು. ಅವರ ಬರಹದಲ್ಲಿ "ಬಹುಮಟ್ಟಿಗೆ" ಇರಲಿಲ್ಲ.

ಕೊಳವೆ ಊದಿ ತೋರಿಸಿದ ಆ ದಿನವೇ ಆಚಾರ್ರು ತಮ್ಮ ಗಂಟನ್ನು ನೋಡಬೇಕೆಂದರು. ಮೈಕ್ರೋಸ್ಕೋಪಿನಲ್ಲಿ ತೋರಿಸಿದೆ. ಸೂಕ್ಷ್ಮ ನೋಡಿ ಪಳಗಿದ ಕಣ್ಣು. ಕಾಳುಗಳು ಅವರಿಗೆ ಕೂಡಲೇ ಕಂಡವು. ಅವು ಏನು, ಯಾಕೆ ಅಷ್ಟೊಂದು ತುಂಬಿವೆ ಎಂದು ಕೇಳಿದರು. ನನಗೆ ಗೊತ್ತಿಲ್ಲ, ಇನ್ನೂ ಯಾರಿಗೂ ಸರಿಯಾಗಿ ಗೊತ್ತಿದ್ದಂತಿಲ್ಲ ಎಂದೆ.

ಉತ್ತರ ಸಿಕ್ಕಿದ್ದು ಎರಡು ಮೂರು ವರ್ಷದ ಮೇಲೆ, ಮೈಸೂರಿನ ಅದೇ ಗ್ರಂಥಾಲಯದಲ್ಲಿ. ಎಲೆಕ್ಟ್ರಾನ್ ಮೈಕ್ರೋಸ್ಕೋಪಿನಲ್ಲಿ ಈ ಕೋಶಗಳನ್ನು ನೋಡಿದವರ ಲೇಖನ ಬಂದಿತ್ತು. ಕಾಳುಗಳೆಲ್ಲ ಮೈಟೋಕಾಂಡ್ರಿಯಾ, ಕೋಶಕ್ಕೆ ಶಕ್ತಿ ಒದಗಿಸುವ ಅಂಗಗಳು. ಎಲ್ಲ ಕೋಶಗಳಲ್ಲೂ ಇರುತ್ತವೆ, ಆದರೆ ಇಷ್ಟು ಇರುವುದಿಲ್ಲ. ವಾಪಸ್ಸು ಬಂದ ವಾರವೇ ಚನ್ನರಾಯಪಟ್ಟಣದ ಬಸ್ಸು ಹತ್ತಿದೆ. ಹೇಳಲೇಬೇಕಾದ ತುರ್ತು ಏನಿರಲಿಲ್ಲ. ತಿಳಿದದ್ದನ್ನು ಕೇಳಿದವರಿಗೆ ಹೇಳಬೇಕೆಂಬ ಆಸೆ.

ಆಚಾರ್ರು ಓಲೆಗೆ ಹರಳು ಕೂರಿಸುತ್ತಿದ್ದರು. ಚಾಪೆ ಹಾಸಿ ಕೂರಿಸಿ ಎಲ್ಲವನ್ನೂ ಕೇಳಿಸಿಕೊಂಡರು. ಅಷ್ಟು ಶಕ್ತಿ ಇಟ್ಟುಕೊಂಡು ಆ ಕೋಶ ಏನು ಕೆಲಸ ಮಾಡುತ್ತದೆ ಎಂದು ಕೇಳಿದರು. ಹೆಚ್ಚಿಗೆ ಏನೂ ಮಾಡುವಂತೆ ಕಾಣುವುದಿಲ್ಲ, ಇದ್ದವು ಸರಿಯಾಗಿ ನಡೆಯದ್ದಕ್ಕೆ ಇನ್ನಷ್ಟು ಮಾಡಿಕೊಳ್ಳುತ್ತದೇನೋ ಎಂದು ಕೆಲವರ ಊಹೆ ಎಂದೆ. ಅವರು ಇಕ್ಕಳ ಕೆಳಗಿಟ್ಟರು.

"ಅಂಗಾರೆ ಇನ್ನೊಂದು ಇಸ್ಯ ಏಳ್ಬುಡ್ತೀನಿ," ಎಂದು ಬಲಕೆನ್ನೆಯನ್ನು ನನ್ನ ಕಡೆ ತಿರುಗಿಸಿದರು. "ಇಲ್ಲಿ ಮುಟ್ಟಿ. ಒಂದು ವರ್ಸದಿಂದ ಐತೆ. ಮನೇಲಿ ಯಾರ್ಗೂ ಏಳಿಲ್ಲ."

ಮುಟ್ಟಿದೆ. ಕಿವಿಯ ಮುಂದೆ, ಚರ್ಮದ ಕೆಳಗೆ, ಬಟಾಣಿಯಷ್ಟು. ಗಟ್ಟಿಯಾಗಿ, ನುಣ್ಣಗೆ, ಬೆರಳಿಗೆ ಸಿಕ್ಕಿ ಜಾರುತ್ತಿತ್ತು. ಈ ಗಡ್ಡೆ ಕೆಲವರಿಗೆ ಎರಡೂ ಕಡೆ ಬರುತ್ತದೆಂದು ಓದಿದ್ದೆ. ಯಾಕೆ ಬಂದು ತೋರಿಸಲಿಲ್ಲ ಎಂದು ಕೇಳಿದೆ. ತೋರಿಸಿದರೆ ಕೊಯ್ಯಬೇಕೆನ್ನುತ್ತೀರಿ, ಕೊಯ್ಯಲೇಬೇಕೇ ಎಂದು ಅವರು ಕೇಳಿದರು. ಮೂರು ವರ್ಷದ ಹಿಂದೆ ಆಗಿದ್ದರೆ ನಾನು ಅವರನ್ನು ಅದೇ ಬಸ್ಸಿನಲ್ಲಿ ಹಾಸನಕ್ಕೆ ಕರೆದುಕೊಂಡು ಹೋಗುತ್ತಿದ್ದೆ. ಕೈಚೀಲದಲ್ಲಿದ್ದ ಅಳತೆ ಪಟ್ಟಿಯನ್ನು ಗಂಟಿನ ಮೇಲಿಟ್ಟು ಅಡ್ಡ, ಉದ್ದ ಅಳೆದು ಬರೆದುಕೊಂಡೆ. ಮುಖ ಜೋತರೆ, ನೋವಾದರೆ, ಬೇಗ ಬೆಳೆದರೆ ಅವತ್ತೇ ಬರಬೇಕು, ಇಲ್ಲವಾದರೆ ಬೇಡ ಎಂದೆ. ಹೇಳಿ, ಪಟ್ಟಿಯನ್ನು ಇನ್ನೊಮ್ಮೆ ಗಂಟಿನ ಮೇಲಿಟ್ಟು ಬರೆದುಕೊಂಡ ಅಳತೆ ಸರಿಯೇ ಎಂದು ನೋಡಿದೆ. ಅವರು ಅದನ್ನು ಗಮನಿಸಿರಬೇಕು.

"ನೀವೂ ಅಳುಕ್ಬ್ಯಾಡಿ ಡಾಕ್ಟ್ರಮ್ಮ," ಎಂದರು. "ವರ್ಸಕ್ಕೊಂದ್ಸಲ ಬಂದು ತೋರಿಸ್ತೀನಿ."

ಹಾಗೇ ಬಂದರು. ನನಗೆ ವರ್ಗವಾಗುವವರೆಗೆ ಐದು ವರ್ಷ, ಪ್ರತಿ ವರ್ಷ ಅಳೆದೆ. ಐದು ಸಲವೂ ಅದೇ ಅಳತೆ ಬರೆದೆ.